ಮೂರು ದಿನದ ರಜೆ

ಹೊತ್ತಲ್ಲದ ಹೊತ್ತಿನಲ್ಲಿ ಮೈ ಕಾದು ಬೆವರುತ್ತಿದ್ದ ಪದ್ಮಾಕ್ಷಿಯನ್ನು ಡಾಕ್ಟರಮ್ಮನ ಹತ್ತಿರ ಕರೆತಂದವರು ಅತ್ತೆಯೇ.

"ಮುಟ್ಟು ನಿಂತು ಎಷ್ಟು ದಿನ ಆಯ್ತಮ್ಮಾ?"

ಪದ್ಮಾಕ್ಷಿ ಅತ್ತೆಯ ಕಡೆ ನೋಡಲಿಲ್ಲ. "ಎರಡು ವರ್ಷ ಆಯ್ತು ಡಾಕ್ಟ್ರೇ."

"ಹೆದರ್ಬೇಡಿ, ಇದು ಕಾಯಿಲೆ ಅಲ್ಲ. ಬೆವರು ತೀರಾ ಹೆಚ್ಚಾದ್ರೆ ಮಾತ್ರೆ ಇದೆ. ದಿನಾ ನಡೀರಿ, ಚೆನ್ನಾಗಿ ರೆಸ್ಟ್ ತಗೊಳ್ಳಿ."

ಹೊರಗೆ ಬಂದದ್ದೇ ತಡ, ಅತ್ತೆ ಗಕ್ಕನೆ ನಿಂತರು. "ಹೋದ ವಾರ ಮುಟ್ಟು ಅಂತ ಮೂರು ದಿನ ಹೊರಗೆ ಕೂತಿದ್ಯಲ್ಲೇ! ತಿಂಗಳು ತಿಂಗಳೂ ನಾನೇ ಬೇಯಿಸಿ ಬಡಿಸಿದ್ದೀನಿ!"

ಪದ್ಮಾಕ್ಷಿಗೆ ಮತ್ತೆ ಬೆವರು ಕಿತ್ತುಬಂತು. "ಕಾದಂಬರಿ ಓದೋ ಆಸೆಗೆ... ತಪ್ಪಾಯ್ತು ಅತ್ತೆ."

ಅತ್ತೆ ಸುತ್ತ ನೋಡಿ ದನಿ ತಗ್ಗಿಸಿದರು. "ಎರಡೇ ವರ್ಷಕ್ಕೆ ಬಾಯಿ ಬಿಟ್ಟೆಯಲ್ಲೇ ಪೆದ್ದಿ! ನಿಂತ ಮೇಲೂ ನಾನು ಒಂಬತ್ತು ವರ್ಷ ಕೂತಿದ್ದೆ."