ಮಾನ್ಯ ಗೆಳತಿಯವರಿಗೆ

ಆ ಬೆಳಿಗ್ಗೆ ಹತ್ತು ಹೆಜ್ಜೆಯಾಚೆಯ ಗೇಟೂ ಕಾಣದಷ್ಟು ಮಂಜು. ಜಗತ್ತನ್ನೆಲ್ಲ ಮುಚ್ಚಿಟ್ಟು ದೇವರೊಬ್ಬನೇ ನೋಡುತ್ತ ಕುಳಿತಂತಿತ್ತು. ಆ ಮಂಜಿನೊಳಗಿಂದ ಖಾಕಿ ಅಂಗಿಯ ಬಸ್ ಡ್ರೈವರೊಬ್ಬ ಮಗಳ ಕೈ ಹಿಡಿದು, ಕಂಕುಳಲ್ಲೊಂದು ಫೈಲು ಅವುಚಿಕೊಂಡು ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ.

ಇಂಗ್ಲಿಷ್ ಟೀಚರು ಬೀರುವಿನ ಬೀಗ ತೆಗೆದು ಹುಡುಗಿಯ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟರು. ಮನೆಮಂದಿಯೊಡನೆ, ಗೆಳೆಯರೊಡನೆ ಆಡುವ ಇಂಗ್ಲಿಷ್ ಒಂದು, ದೊಡ್ಡವರಿಗೆ, ಕಚೇರಿಗೆ ಬರೆಯುವ ಇಂಗ್ಲಿಷ್ ಇನ್ನೊಂದು ಎಂದು ಮಕ್ಕಳಿಗೆ ಹೇಳಿಕೊಟ್ಟು, ಕ್ಷಮೆ ಕೇಳುವ ಎರಡು ಪತ್ರ ಬರೆಸಿದ್ದರು ಅವರು. ಈ ಹುಡುಗಿ ಮುಖ್ಯೋಪಾಧ್ಯಾಯರಿಗೆ ಬರೆದದ್ದರಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಗೆಳತಿಗೆ ಬರೆದದ್ದು ಅದಕ್ಕಿಂತ ವಿಚಿತ್ರ: ‘ಮಾನ್ಯ ಗೆಳತಿಯವರೇ, ದಿನಾಂಕ ಎಂಟರಂದು ತಾವು ಮಾಡಿಕೊಂಡ ಕೋಪಕ್ಕೆ ಸಂಬಂಧಿಸಿದಂತೆ ಈ ಕೆಳಗಿನ ವಿವರಣೆಯನ್ನು ಸಲ್ಲಿಸುತ್ತಿದ್ದೇನೆ.’ ಹನ್ನೊಂದು ವರ್ಷದ ಕೂಸಿನ ಮಾತೇ ಇದು? ಯಾವನೋ ಹಳೇ ಗುಮಾಸ್ತನ ಕೈವಾಡವೇ ಸರಿ. ಕೆಂಪು ಶಾಯಿಯಲ್ಲಿ ‘ನಕಲು’ ಎಂದು ಬರೆದಿದ್ದರು. ನಿನ್ನೆ ಸಂಜೆ ಹುಡುಗಿ ಬುಕ್ಕು ಬೇಕೆಂದು ಎರಡು ಸಲ ಬೇಡಿದಾಗ, ಸಾಕ್ಷಿ ಹರಿದುಹಾಕಲಿಕ್ಕೇ ಎಂದುಕೊಂಡು ಬೀಗ ಹಾಕಿ, ನಾಳೆ ಅಪ್ಪನನ್ನು ಕರೆದುಕೊಂಡು ಬಾ ಎಂದಿದ್ದರು.

“ಯಾರು ಬರೆದುಕೊಟ್ಟಿದ್ದು? ನಿಜ ಹೇಳಿಬಿಡಿ.”

“ನಮ್ಮನೇಲಿ ಇಂಗ್ಲಿಷ್ ಬರೋದು ಇವಳೊಬ್ಬಳಿಗೇ ಮೇಡಂ,” ಎಂದ ಡ್ರೈವರು. ಆಮೇಲೆ ಟೀಚರ ಮುಖವನ್ನೇ ಗುಮಾನಿಯಿಂದ ನೋಡುತ್ತ, “ಸಹಿ ಎಲ್ಲಿ ಹಾಕ್ಬೇಕು?” ಎಂದು ಕೇಳಿದ.

ಸಹಿ ಬೇಡ, ಸತ್ಯ ಬೇಕು ಎಂದರು ಟೀಚರು. ಪಕ್ಕದ ಮನೆಯವರೇ, ಟ್ಯೂಷನ್ನಿನವರೇ ಎಂದು ಕೆದಕಿದರು. ಅವನು ಫೈಲು ಬಿಚ್ಚಿದ. ಬಸ್ಸು ತಡವಾದಾಗಲೆಲ್ಲ ಕಂಪನಿಯಿಂದ ಬಂದ ಇಂಗ್ಲಿಷ್ ನೋಟಿಸುಗಳು. ಒಂದೊಂದರ ಬೆನ್ನಿಗೂ ವಿವರಣೆಯ ಪ್ರತಿ. ಎಲ್ಲಕ್ಕಿಂತ ಹಳೆಯದು ಪೆನ್ಸಿಲಿನದು, ನೆಲ್ಲಿಕಾಯಿ ಗಾತ್ರದ ಅಕ್ಷರಗಳು, ಅರ್ಧಕ್ಕರ್ಧ ತಪ್ಪು. ಹಾಳೆ ಮಗುಚುತ್ತ ಹೋದಂತೆ ಅಕ್ಷರ ಸಣ್ಣದಾಗುತ್ತ, ತಪ್ಪು ಕಡಿಮೆಯಾಗುತ್ತ ಬಂದಿತ್ತು. ಎಲ್ಲವೂ ಒಂದೇ ಕೈಯವು. ಬಂದ ನೋಟಿಸುಗಳನ್ನು ನೋಡಿಯೇ ಮಗು ಇಂಗ್ಲಿಷ್ ಕಲಿತಿತ್ತು.

ಟೀಚರ ದನಿ ಇಳಿಯಿತು. “ಗೆಳತಿಗೂ ಹೀಗೇ ಬರೆಯೋದೇನಮ್ಮ?”

“ತಪ್ಪಾಯ್ತು ಅನ್ನೋಕೆ ನಂಗೆ ಬರೋದು ಇದೊಂದೇ, ಮಿಸ್.”

ಡ್ರೈವರು ಗೋಡೆ ಗಡಿಯಾರ ನೋಡಿದ. “ಈ ಸಲದ ನೋಟಿಸು, ಇವಳು ಬರೆದ ಉತ್ತರ, ಎರಡೂ ಆ ಬುಕ್ಕಿನ ಹಿಂದೆ ಇವೆ ಮೇಡಂ. ಮಧ್ಯಾಹ್ನದೊಳಗೆ ಕೊಡದಿದ್ರೆ ನಾಳೆಯಿಂದ ಬಸ್ ಹತ್ತಬೇಡ ಅಂದಿದಾರೆ.”

ಟೀಚರು ಕೊನೆಯ ಹಾಳೆ ತೆರೆದರು. ಮಡಿಸಿದ ನೋಟಿಸು ಅಲ್ಲೇ ಇತ್ತು, ಉತ್ತರವೂ ಇತ್ತು. ಮತ್ತೆ ಪತ್ರದ ಪುಟಕ್ಕೆ ಮರಳಿ ತಾವು ಬರೆದಿದ್ದ ಕೆಂಪು ಅಕ್ಷರದ ಮೇಲೆ ಗೀಟು ಎಳೆದು, ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಹುಡುಗಿಗೆ ಕೊಟ್ಟರು.

ಹುಡುಗಿ ತೆಗೆದುಕೊಂಡಳು. ಅಪ್ಪ ಅವಸರಿಸಿದರೂ ಹೊರಡಲಿಲ್ಲ. ಟೀಚರ ಎದುರಿಗೇ ನಿಂತು, ಹಾಳೆಗಳೆಲ್ಲ ಇವೆಯೋ ಎಂದು ಒಂದೊಂದಾಗಿ ಎಣಿಸತೊಡಗಿದಳು.