ಬೀಜದ ಮಾತು

ಕಾಂತೇಶ ಆಟದೊಳಗೆ ದೇವರ ಹೆಸರು ‘ಬೀರೋಬಾ’ ಎಂದು ಬರೆದ. ಮೊಬೈಲಿನ ತುಂಬ ಮರಳುಗಾಡು ಹರಡಿತು. ಅಳಿಸಿ ‘ಮೈಲಾರಲಿಂಗ’ ಎಂದು ಬರೆದ. ನಾಲ್ಕೂ ಕಡೆ ಸಮುದ್ರ. ಹೆಂಡತಿಯ ತವರೂರು ‘ಮರವಡೆ’ ಹಿಮದಲ್ಲಿ ಹೂತುಹೋಗಿತ್ತು. ಅವಳ ಹೆಸರನ್ನೇ ಹಾಕಿದಾಗಂತೂ ಕಣ್ಣು ಬಿಡುವ ಮೊದಲೇ ಬೆಂಕಿಯ ಹೊಂಡಕ್ಕೆ ಬಿದ್ದು ಸತ್ತ.

“ಅತ್ತೀ, ನಿಮ್ಮ ಮಗಗ ಹೇಳ್ರಿ,” ಜೋಳದ ಭಕ್ರಿ ಬಡಿಯುತ್ತಿದ್ದ ಶೀತಲ ತಿರುಗಿಯೂ ನೋಡದೆ ಅಂದಳು, “ಅದೂ ಅಲ್ಲಂತ.”

ಬೆಳಗಿನಿಂದ ಗಂಡನಿಗೆ ಹೋಗುವ ಮಾತೆಲ್ಲ ಹನ್ನೂರಿನಿಂದ ಬಂದಿದ್ದ ಅತ್ತೆ ಬೀರವ್ವನ ಮೇಲಿಂದಲೇ ಹೋಗುತ್ತಿತ್ತು. ತಪ್ಪು ಕಾಂತೇಶನದೇ. ರವಿವಾರ ಹೆಂಡತಿಗೆ ಆಸರೆಯಾಗಲೆಂದು ಹಾಸಿಗೆಯ ಸೋಲಾಪುರಿ ಚಾದರು ಸುತ್ತಿ ವಾಷಿಂಗ್ ಮಷೀನಿಗೆ ಹಾಕಿದ್ದ. ಮಡಿಕೆಯಲ್ಲಿ ಅವಳ ಮೊಬೈಲಿತ್ತು. ಚಾದರು ಸ್ವಚ್ಛವಾಯಿತು. ಮೊಬೈಲಿನ ಜೊತೆ ಅವರ ಆಟದ ಲೋಕವೂ ಹೋಯಿತು. ಸಾಖರಪುಡಾ ಆಗಿ ಮದುವೆ ನಿಶ್ಚಯವಾದಮೇಲೆ ಲಗ್ನದವರೆಗೆ ಹುಡುಗ ಹುಡುಗಿ ಮುಖ ನೋಡಬಾರದೆಂದು ಬೀರವ್ವ ಕಟ್ಟಪ್ಪಣೆ ಮಾಡಿದ್ದ ದಿನಗಳಲ್ಲಿ, ಇವನು ಸೋಲಾಪುರದಿಂದ, ಅವಳು ಮರವಡೆಯಿಂದ ಹೋಗಿ ಸೇರುತ್ತಿದ್ದ ಗುಡ್ಡ ಅದರಲ್ಲಿತ್ತು. ಆಟದ ಪ್ರತಿ ಲೋಕಕ್ಕೂ ಒಂದು ಬೀಜದ ಮಾತಿರುತ್ತದೆ. ಅದನ್ನೇ ಮತ್ತೆ ಹಾಕಿದರೆ ಅದೇ ನೆಲ ಮತ್ತೆ ಹುಟ್ಟುತ್ತದೆ. ಅಂದು ಆ ಮಾತು ಹಾಕಿದವಳು ಶೀತಲ.

“ಒಂದ್ ಸಲ ಹೇಳಿದ್ರ ನಿಂದೇನ್ ಗಂಟು ಹೋಗ್ತದ?” ಕಾಂತೇಶ ರೇಗಿದ.

“ಅತ್ತೀ, ನನ್ನ ಬಾಯಾಗ ಅದು ಬರಂಗಿಲ್ಲ ಅಂತ ಹೇಳ್ರಿ.”

“ಮರತೀನಿ ಅಂತ ಹೇಳ್ ಮತ್ತ!”

“ಮರತಿಲ್ಲ. ಬಾಯಾಗ ಬರಂಗಿಲ್ಲ.”

ಸೇಂಗಾ ಸುಲಿಯುತ್ತಿದ್ದ ಬೀರವ್ವನ ಕೈ ನಿಂತಿತು. ಸೊಸೆಯ ಕೆಂಪೇರಿದ ಕಿವಿಯನ್ನೊಮ್ಮೆ, ಮಗನ ಮೊಬೈಲನ್ನೊಮ್ಮೆ ನೋಡಿದಳು. “ಹುಚ್ಚ ಖುಳಾ ಇದ್ದಿಯಲೇ ಕಾಂತ್ಯಾ. ಲಗ್ನದ ಒಡಪಿನ್ಯಾಗ ಬಿಟ್ರ ನಾ ಎಂದಾರ ನಿಮ್ಮಪ್ಪನ ಹೆಸರ ತಗೊಂಡೀನೇನು?”

ಅರ್ಥವಾಗಲು ಕಾಂತೇಶನಿಗೆ ಒಂದು ಭಕ್ರಿ ಬೇಯುವಷ್ಟು ಹೊತ್ತು ಹಿಡಿಯಿತು. ಅಂಜುತ್ತಲೇ ತನ್ನ ಹೆಸರು ಬರೆದ. ಹುಲ್ಲುಗಾವಲು ಬಂತು, ಕುರಿ ಬಂದವು, ಓರೆಯಾಗಿ ಹರಿಯುವ ಹಳ್ಳ ಬಂತು, ಅದರಾಚೆ ಅದೇ ಗುಡ್ಡ.

“ಬಾಯಿಲೆ ಹೇಳಬಾರದು,” ಶೀತಲ ಈಗ ನೇರ ಅವನಿಗೇ ಅಂದಳು. “ಬೆರಳಿಲೆ ಬರೀಬಾರದು ಅಂತ ಯಾರೂ ಹೇಳಿಲ್ಲಲ್ರಿ.”

ಹಿಟ್ಟಿನ ಕೈಯಲ್ಲೇ ಬಂದು ಬಗ್ಗಿ ನೋಡಿದಳು. ಗುಡ್ಡದ ನೆತ್ತಿಯ ಮೇಲೆ ಬರೀ ಹುಲ್ಲು. ಬೀಜದಿಂದ ನೆಲ ಮೂಡುತ್ತದೆ, ಕಟ್ಟಿದ್ದು ಮೂಡುವುದಿಲ್ಲ. ಅವಳ ಮುಖ ಸಣ್ಣದಾಯಿತು.

“ಏನಿತ್ತ ಅಲ್ಲಿ?” ಎಂದಳು ಬೀರವ್ವ.

“ಮನಿ ಇತ್ತು, ಯವ್ವಾ. ನಾವಿಬ್ರೂ ಕೂಡಿ ಕಟ್ಟಿದ್ದು,” ಕಾಂತೇಶ ಅಂದ.

“ಲಗ್ನಕಿಂತ ಮೊದಲ?”

ಶೀತಲ ತಟ್ಟನೆ ಒಲೆಯ ಕಡೆ ತಿರುಗಿದಳು.

“ಮನ್ಯಾಗ ಎಷ್ಟ್ ಖೋಲಿ ಇದ್ವು?”

“ಒಂದ,” ಕಾಂತೇಶ ನೆಲ ನೋಡುತ್ತ ಅಂದ.

ಬೀರವ್ವ ಅಂಗೈಯೊಳಗಿನ ಸೇಂಗಾದ ಸಿಪ್ಪೆಯನ್ನು ಉಫ್ ಎಂದು ಊದಿದಳು. “ಹೋದದ್ದ ಚಲೋ ಆತು. ಈ ಸಲ ನನಗೂ ಒಂದು ಖೋಲಿ ಹಿಡದ ಕಟ್ರಿ.”