ಬಸ್ ಸ್ಟಾಪಿನವರೆಗೆ ಕಾಶಿಯಾತ್ರೆ

ಮದುವೆಯ ದಿನ ಕೊಡೆ ಹಿಡಿದು ಕಾಶಿಯಾತ್ರೆಗೆ ಹೊರಟ ಶ್ರೀಪತಿಯನ್ನು ತಡೆಯಬೇಕಿದ್ದ ಬಾಮೈದ ಕಾಫಿ ಕುಡಿಯುತ್ತ ಕೂತುಬಿಟ್ಟಿದ್ದ. ಶ್ರೀಪತಿ ಬಸ್ ಸ್ಟಾಪಿನವರೆಗೂ ಹೋಗಿ, ಪೆಚ್ಚುಮೋರೆ ಹಾಕಿಕೊಂಡು ಮರಳಿದ್ದ.

ನೆಂಟರು ಬಂದಾಗಲೆಲ್ಲ ಹೆಂಡತಿ ವೈಶಾಲಿ ಆ ಪ್ರಸಂಗದ ವಿಡಿಯೋ ಹಾಕಿ ಎಲ್ಲರನ್ನೂ ನಗಿಸುತ್ತಿದ್ದಳು.

"ಅದನ್ನ ಅಳಿಸಿ ಹಾಕೇ," ಎಂದು ಶ್ರೀಪತಿ ಪ್ರತಿ ಸಲವೂ ಗೊಣಗುತ್ತಿದ್ದ.

ಈ ಸಲ ಹಬ್ಬದಂದು ವಿಡಿಯೋದ ನಡುವೆಯೇ ಕರೆಂಟು ಹೋಯಿತು.

"ಅಯ್ಯೋ, ಹೀಗೆ ಪದೇ ಪದೇ ಹೋದ್ರೆ ವಿಡಿಯೋ ಇರೋ ಹಾರ್ಡ್ ಡಿಸ್ಕೇ ಕೆಟ್ಟುಹೋಗುತ್ತೆ," ಎಂದು ವೈಶಾಲಿ ಕೋಣೆಗೆ ಓಡಿದಳು.

ಡಿಸ್ಕಿನ ದೀಪ ಉರಿಯುತ್ತಲೇ ಇತ್ತು. ಪಕ್ಕದಲ್ಲಿ ಹೊಸದೊಂದು ಯುಪಿಎಸ್ ಬೀಪ್ ಬೀಪ್ ಎನ್ನುತ್ತಿತ್ತು.

"ರೀ, ಇದನ್ನ ಯಾರು ತಂದಿದ್ದು?"

"ನಾನೇ."

"ಮತ್ತೆ ಅಳಿಸು ಅಂತಿದ್ರಿ?"

"ಯಾರೂ ತಡೀದಿದ್ರೂ ನಾನಾಗೇ ವಾಪಸ್ ಬಂದೆ ಅನ್ನೋದಕ್ಕೆ ಅದೊಂದೇ ಸಾಕ್ಷಿ ಕಣೆ."